ಅಫೆರೆಸಿಸ್ (ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲ್ ಸೋಸುವ ಚಿಕಿತ್ಸೆ) ಆದ ಮೇಲೆ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಇಳಿಯುತ್ತದೆ. ಉರಿಯೂತ ನಿಜವಾಗಿ ಕಮ್ಮಿ ಆಯ್ತಾ, ಇಲ್ಲ ಸುಮ್ನೆ ಸೋಸಿ ಹೋಯ್ತಾ?

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಕಡೆಯವಳು. ಆರು ವರ್ಷದಿಂದ ಜರ್ಮನಿಯ ಕಾಸೆಲ್‌ನಲ್ಲಿ ಇದ್ದೇವೆ. ಮಗನಿಗೆ ಈಗ 14 ವರ್ಷ. ಅವನಿಗೆ ಹುಟ್ಟಿನಿಂದಲೇ ಬಂದ ಕೊಲೆಸ್ಟ್ರಾಲ್ ಕಾಯಿಲೆ ಇದೆ. ಹೋಮೋಜೈಗಸ್ ಎಫ್‌ಎಚ್ ಅನ್ನುತ್ತಾರೆ.

ನಮ್ಮದು ಸೋದರಮಾವನ ಜೊತೆ ಮದುವೆ. ನಮ್ಮ ಅಮ್ಮನ ತಮ್ಮನೇ ನನ್ನ ಯಜಮಾನರು. ಅಜ್ಜಿ 49ಕ್ಕೆ, ಕೊಬ್ಬರಿ ಒಣಗಿಸುತ್ತಿದ್ದ ಅಟ್ಟದ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆ ಅಜ್ಜಿಯ ಕೆಟ್ಟ ಜೀನ್ ಅಮ್ಮನಿಗೂ ಬಂದಿದೆ, ಇವರಿಗೂ ಬಂದಿದೆ. ಅಮ್ಮನಿಂದ ನನಗೆ ಬಂತು. ನಮ್ಮಿಬ್ಬರಲ್ಲೂ ಒಂದೊಂದು ಇದ್ದದ್ದು ಮಗನಲ್ಲಿ ಎರಡೂ ಸೇರಿತು. ಇದು ನಮಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಊರಿನಲ್ಲಿದ್ದಾಗ ಅವನ ಮೊಣಕೈ, ಮಂಡಿ ಮೇಲೆ ಹಳದಿ ಗಂಟುಗಳು ಎದ್ದಿದ್ದವು. ಒಬ್ಬ ಚರ್ಮದ ಡಾಕ್ಟರು ಕೊಯ್ದು ತೆಗೆದರು. ವರ್ಷದೊಳಗೆ ಮತ್ತೆ ಬಂದವು. ರಕ್ತ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಲಿಲ್ಲ. ಇಲ್ಲಿನ ಮಕ್ಕಳ ಡಾಕ್ಟರು ಅವನ ಹಿಮ್ಮಡಿ ಮೇಲಿನ ಸ್ನಾಯುವಿನ ಹುರಿ ಮುಟ್ಟಿ ನೋಡಿ ಅವತ್ತೇ ರಕ್ತ ತೆಗೆಸಿದರು. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 640 ಇತ್ತು.

ಈಗ ಮಾತ್ರೆ ಜೊತೆಗೆ ಪ್ರತಿ ಮಂಗಳವಾರ ಅಫೆರೆಸಿಸ್. ಒಂದು ಕೈಯಿಂದ ರಕ್ತ ಹೊರಗೆ, ಇನ್ನೊಂದು ಕೈಗೆ ವಾಪಸ್. ಎರಡು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಎರಡೂ ಕೈ ಮಡಚುವ ಹಾಗಿಲ್ಲ. ಮೂಗು ತುರಿಸಿದರೂ ನಾನೇ ಕೆರೆಯಬೇಕು. ಹದಿನಾಲ್ಕರ ಹುಡುಗನಿಗೆ ಅದು ನಾಚಿಕೆ. ಅದಕ್ಕೆ ಕಣ್ಣು ಸನ್ನೆ ಮಾಡುತ್ತಾನೆ, ನಾನು ಯಾರೂ ನೋಡದಿದ್ದಾಗ ಕೆರೆದು ಬಿಡುತ್ತೇನೆ.

ಮೂರು ತಿಂಗಳಿಂದ ಡಾಕ್ಟರು ಎಚ್‌ಎಸ್-ಸಿಆರ್‌ಪಿ (ಸಿಆರ್‌ಪಿ ಸಣ್ಣ ಪ್ರಮಾಣದಲ್ಲಿದ್ದರೂ ಅಳೆಯುವ ಪರೀಕ್ಷೆ) ಕೂಡ ನೋಡುತ್ತಿದ್ದಾರೆ. ಹೋದ ವಾರದ ಚೀಟಿ ಇದು: ಎಲ್‌ಡಿಎಲ್ ಮೊದಲು 290, ಆದ ಮೇಲೆ 84. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ 265 ಇದ್ದದ್ದು 112. ಸಿಆರ್‌ಪಿ 2.4 ಇದ್ದದ್ದು 0.8. ಉರಿಯೂತ ಜಾಸ್ತಿ ಇದ್ದರೆ ರಕ್ತನಾಳದ ಗೋಡೆಯ ಕೊಬ್ಬಿನ ಗಡ್ಡೆ ಒಡೆಯುತ್ತದೆ ಅಂತ ಓದಿದ್ದೆ. ಹಾಗಾಗಿ 0.8 ನೋಡಿ ಖುಷಿಯಾಯಿತು. ಆದರೆ ಗುರುವಾರ ಅವನಿಗೆ ನೆಗಡಿ, ಮೈ ಬಿಸಿ. ಶುಕ್ರವಾರ ಮಕ್ಕಳ ಡಾಕ್ಟರ ಹತ್ತಿರ ನೋಡಿಸಿದರೆ ಸಿಆರ್‌ಪಿ 14! ಮಂಗಳವಾರ 0.8, ಶುಕ್ರವಾರ 14. ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ.

ಕೇಳಬೇಕಾದ್ದು ಇಷ್ಟು. ಈ ಚಿಕಿತ್ಸೆ ಉರಿಯೂತವನ್ನು ನಿಜವಾಗಿ ಕಮ್ಮಿ ಮಾಡುತ್ತಾ? ಇಲ್ಲ ರಕ್ತದಲ್ಲಿದ್ದ ಸಿಆರ್‌ಪಿಯನ್ನು ಬರೀ ತೊಳೆದು ಹಾಕುತ್ತಾ? ರಕ್ತ ಹೊರಗೆ ಪ್ಲಾಸ್ಟಿಕ್ ಪೈಪಿನಲ್ಲಿ ಓಡುವುದರಿಂದಲೇ ಉರಿಯೂತ ಜಾಸ್ತಿ ಆಗುತ್ತೆ ಅಂತ ಒಬ್ಬರು ಹೇಳಿದರು, ಅದು ನಿಜವಾ? ಅಮ್ಮ ಫೋನ್ ಮಾಡಿದಾಗಲೆಲ್ಲ ಅರಿಶಿನ ಹಾಲು ಕೊಡು ಅನ್ನುತ್ತಾರೆ. ಕೊಡಬಹುದಾ?

ಬ್ರಹ್ಮಾವರ ಸಿಸ್ಟರ್

ಅಕ್ಕ, ನಮಸ್ಕಾರ. ನಾನು ಬ್ರಹ್ಮಾವರದವಳು. ಜರ್ಮನಿಯಲ್ಲೇ ಎಸ್ಸೆನ್ ಹತ್ತಿರ ಒಂದು ಡಯಾಲಿಸಿಸ್ ಸೆಂಟರಿನಲ್ಲಿ 11 ವರ್ಷದಿಂದ ನರ್ಸ್. ಇಲ್ಲಿ ಕಿಡ್ನಿಯವರೇ ಅಫೆರೆಸಿಸ್ ಕೂಡ ನಡೆಸುವುದು ಜಾಸ್ತಿ, ಹಾಗಾಗಿ ವಾರಕ್ಕೆ ಮೂರು ದಿನ ನಾನು ಅದೇ ಮಷಿನ್ ಪಕ್ಕ ನಿಂತಿರುತ್ತೇನೆ. ನಾನು ಡಾಕ್ಟರಲ್ಲ. ಕಣ್ಣಾರೆ ಕಂಡದ್ದು, ನಮ್ಮ ಡಾಕ್ಟರು ಕೂರಿಸಿಕೊಂಡು ಹೇಳಿಕೊಟ್ಟದ್ದು ಬರೆಯುತ್ತೇನೆ.

ಮೊದಲು ಆ 14ರ ವಿಷಯ. ಅದು ನೆಗಡಿ ಅಕ್ಕ. ಹೃದಯ ಅಲ್ಲ. ಸಿಆರ್‌ಪಿ ಲಿವರ್ ಮಾಡುವ ಒಂದು ಪ್ರೋಟೀನು. ಮೈಯಲ್ಲಿ ಎಲ್ಲಿ ಏನು ಗಲಾಟೆ ಆದರೂ ಲಿವರ್‌ಗೆ ಸುದ್ದಿ ಹೋಗುತ್ತದೆ, ಮುಖ್ಯವಾಗಿ ಐಎಲ್-6 ಅನ್ನುವ ಸಂದೇಶದ ಮೂಲಕ. ಆಗ ಲಿವರ್ ಸಿಆರ್‌ಪಿ ಸುರಿಯುತ್ತದೆ. ಗಂಟಲು ನೋವಿಗೂ ಅದೇ, ಮಂಡಿ ತರಚಿದರೂ ಅದೇ. 10ಕ್ಕಿಂತ ಮೇಲೆ ಹೋದರೆ ಸೋಂಕು ಅಥವಾ ಗಾಯ ಅಂತ ಮೊದಲು ಯೋಚಿಸುತ್ತಾರೆ. ಆ ಸಂಖ್ಯೆಯನ್ನು ಹೃದಯದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನೆಗಡಿ ಪೂರ್ತಿ ಹೋಗಿ ಎರಡು ವಾರ ಕಳೆದ ಮೇಲೆ ಮತ್ತೆ ನೋಡುತ್ತಾರೆ. ಇವತ್ತು ರಾತ್ರಿ ನೀವು ನಿದ್ದೆ ಮಾಡಿ.

ಇನ್ನು 2.4 ಇದ್ದದ್ದು 0.8 ಆದದ್ದು. ನೀವು ಕೇಳಿದ ಪ್ರಶ್ನೆಯಲ್ಲೇ ಉತ್ತರ ಇದೆ. ಅದು ಬಹುಪಾಲು ತೊಳೆದು ಹೋದದ್ದೇ.

ನಿಮ್ಮ ಮಗನಿಗೆ ಮಾಡುತ್ತಿರುವುದು ಹೆಲ್ಪ್ ಅನ್ನುವ ವಿಧಾನ ಅಂತ ನನ್ನ ಅಂದಾಜು. ಫೈಬ್ರಿನೋಜನ್ ಅಷ್ಟು ಇಳಿದದ್ದು ನೋಡಿದರೆ ಗೊತ್ತಾಗುತ್ತದೆ. ನೀವಿರುವ ಕಾಸೆಲ್‌ನಿಂದ ಗಟ್ಟಿಂಗೆನ್ ದೂರ ಇಲ್ಲ ಅಲ್ವಾ? 1980ರ ದಶಕದಲ್ಲಿ ಅಲ್ಲೇ ಡೀಟ್ರಿಚ್ ಸೈಡೆಲ್, ಹೈನ್‌ರಿಚ್ ವೀಲಾಂಡ್ ಅನ್ನುವವರು ಇದನ್ನು ರೂಪಿಸಿದ್ದು. ಮೊದಲು ರಕ್ತದಿಂದ ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟು ಉಳಿದ ನೀರಿನ ಭಾಗ, ಬೇರೆ ಮಾಡುತ್ತಾರೆ. ಅದಕ್ಕೆ ಹುಳಿ ದ್ರಾವಣ ಮತ್ತು ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಔಷಧಿ) ಸೇರಿಸುತ್ತಾರೆ. ಪಿಎಚ್ 5.12ಕ್ಕೆ ಇಳಿಯುತ್ತದೆ. ಕಾಯಿಸಿದ ಹಾಲಿಗೆ ನಿಂಬೆರಸ ಬಿಟ್ಟರೆ ಒಡೆಯುತ್ತದಲ್ಲ, ಹಾಗೆ ಎಲ್‌ಡಿಎಲ್, ಲಿಪೋಪ್ರೋಟೀನ್-ಎ, ಫೈಬ್ರಿನೋಜನ್ ಗಟ್ಟಿಯಾಗಿ ಕೂರುತ್ತವೆ. ಫಿಲ್ಟರ್ ಅವನ್ನು ಹಿಡಿದುಕೊಳ್ಳುತ್ತದೆ. ಉಳಿದ ಹೆಪಾರಿನ್ ತೆಗೆದು, ಹುಳಿ ಸರಿ ಮಾಡಿ, ಪ್ಲಾಸ್ಮಾವನ್ನು ವಾಪಸ್ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ನಿಮ್ಮ ಸಿಸ್ಟರನ್ನು ಕೇಳಿ ಆ ಫಿಲ್ಟರ್ ನೋಡಿ. ನಾನು ಮೊದಲ ಸಲ ಬಿಚ್ಚಿದಾಗ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದ್ದೆ. ಒಳಗೆಲ್ಲ ಹಳದಿ ಕೆನೆಯ ಹಾಗೆ ಅಂಟಿಕೊಂಡಿತ್ತು. ಎರಡು ಗಂಟೆ ಮೊದಲು ಅದು ಒಬ್ಬ ಮನುಷ್ಯನ ರಕ್ತದೊಳಗೆ ಓಡಾಡುತ್ತಿತ್ತು.

ಆ ಕೆನೆಯ ಜೊತೆ ಸಿಆರ್‌ಪಿ ಕೂಡ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಅಂದರೆ ಆ ಹೊತ್ತಿನಲ್ಲಿ ಲಿವರ್ ಮಾಡುವುದು ಕಮ್ಮಿ ಆಗಿಲ್ಲ. ಮಾಡಿಟ್ಟದ್ದನ್ನು ನಾವು ಎತ್ತಿ ಹಾಕಿದೆವು, ಅಷ್ಟೆ.

ನಮ್ಮ ಮನೆ ಬಾವಿಯ ಮಾತು ಹೇಳುತ್ತೇನೆ. ಏಪ್ರಿಲ್‌ನಲ್ಲಿ ಅಪ್ಪ ಪಂಪು ಹಾಕಿ ಬಾವಿ ಬರಿದು ಮಾಡಿಸುತ್ತಿದ್ದರು, ಕೆಸರು ತೆಗೆಯಲಿಕ್ಕೆ. ಪಂಪು ನಿಲ್ಲಿಸಿದ ಹೊತ್ತಿಗೆ ತಳ ಕಾಣುತ್ತಿತ್ತು. ಅದನ್ನು ನೋಡಿ ಬಾವಿ ಬತ್ತಿತು ಅಂತ ಯಾರೂ ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಎಷ್ಟು ಮೆಟ್ಟಿಲು ಮುಳುಗಿದೆ ಅಂತ ಅಪ್ಪ ಬಗ್ಗಿ ನೋಡುತ್ತಿದ್ದರು. ಒರತೆ ಎಷ್ಟಿದೆ ಅಂತ ಗೊತ್ತಾಗುವುದು ಆಗಲೇ. ನಿಮ್ಮ ಚೀಟಿಯಲ್ಲಿ ಆದ ಮೇಲಿನ 0.8 ಅಂದರೆ ಪಂಪು ನಿಲ್ಲಿಸಿದ ಹೊತ್ತು. ಮೊದಲಿನ 2.4 ಅಂದರೆ ಒರತೆ. ನೀವು ಹಿಡಿದುಕೊಳ್ಳಬೇಕಾದ್ದು ಆ ಮೊದಲಿನ ಸಂಖ್ಯೆ. ಅದನ್ನು ತಿಂಗಳಿಂದ ತಿಂಗಳಿಗೆ ನೋಡಬೇಕು.

ಹಾಗಂತ ಚಿಕಿತ್ಸೆಯಿಂದ ಉರಿಯೂತಕ್ಕೆ ಏನೂ ಆಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಆಗುತ್ತದೆ, ಆದರೆ ನಿಧಾನಕ್ಕೆ ಮತ್ತು ಬೇರೆ ದಾರಿಯಲ್ಲಿ. ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂತ ಎಲ್‌ಡಿಎಲ್ ಅಲ್ಲೇ ಕೆಡುತ್ತದೆ. ಆಗ ಗೋಡೆಯ ಒಳಪದರ ಒಂಥರ ಅಂಟು ಅಣುಗಳನ್ನು ಹೊರಗೆ ಚಾಚುತ್ತದೆ. ಬಿಳಿ ರಕ್ತಕಣ ಅದಕ್ಕೆ ಸಿಕ್ಕಿಕೊಂಡು ಒಳಗೆ ಇಳಿಯುತ್ತದೆ, ಕೆಟ್ಟ ಕೊಬ್ಬನ್ನು ತಿಂದು ತಿಂದು ಊದಿ ಅಲ್ಲೇ ಉಳಿಯುತ್ತದೆ. ಊದಿದ ಕಣಗಳೇ ಮತ್ತೆ ಐಎಲ್-1, ಐಎಲ್-6 ಕಳಿಸಿ ಇನ್ನಷ್ಟು ಕಣಗಳನ್ನು ಕರೆಯುತ್ತವೆ. ನಿಮ್ಮ ಮಗನ ಮೈಯಲ್ಲಿ ಇದಕ್ಕೆಲ್ಲ ಬೀಜ ಎಲ್‌ಡಿಎಲ್. ವಾರ ವಾರ ಅದನ್ನು ತೆಗೆದರೆ ಗೋಡೆಗೆ ಹೊಸದಾಗಿ ನುಗ್ಗುವುದು ಕಮ್ಮಿ. ಕೆಟ್ಟ ಎಲ್‌ಡಿಎಲ್ ಕೂಡ ಸೋಸಿ ಹೋಗುತ್ತದೆ, ಆ ಅಂಟು ಅಣುಗಳಲ್ಲಿ ಕೆಲವು ರಕ್ತದಲ್ಲಿ ಇಳಿದದ್ದನ್ನೂ ನೋಡಿದ್ದಾರೆ. ಫೈಬ್ರಿನೋಜನ್ ಇಳಿದರೆ ರಕ್ತ ತೆಳುವಾಗಿ ಸಲೀಸಾಗಿ ಹರಿಯುತ್ತದೆ. ನಮ್ಮಲ್ಲಿ ಬರುವ ಒಬ್ಬ ಅಜ್ಜ, ಆ ದಿನ ಸಂಜೆ ಮೆಟ್ಟಿಲು ಹತ್ತುವುದು ಹಗುರ ಅನ್ನುತ್ತಾರೆ.

ಪೈಪಿನ ಮಾತು ಅರ್ಧ ನಿಜ. ರಕ್ತ ಪ್ಲಾಸ್ಟಿಕ್ಕಿಗೆ, ಫಿಲ್ಟರಿಗೆ ತಾಗಿದರೆ ಮೈಯ ಕಾವಲು ವ್ಯವಸ್ಥೆ ಸ್ವಲ್ಪ ಎಚ್ಚರ ಆಗುವುದು ಹೌದು. ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳು ಕೆರಳುತ್ತವೆ. ಡಯಾಲಿಸಿಸ್‌ನಲ್ಲೂ ಇದು ಇದೆ. ಆದರೆ ಇದು ಸ್ವಲ್ಪ ಹೊತ್ತಿನ ಮಾತು. ಹಾಗೆ ಹುಟ್ಟಿದ್ದರಲ್ಲಿ ಒಂದಷ್ಟನ್ನು ಅದೇ ಫಿಲ್ಟರ್, ಕಾಲಮ್ಮು (ಬೇಡದ್ದನ್ನು ಅಂಟಿಸಿಕೊಳ್ಳುವ ಕೊಳವೆ) ಹಿಡಿದುಕೊಳ್ಳುತ್ತವೆ.

ಇನ್ನೊಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು, ಇದನ್ನು ಓದುವ ಬೇರೆಯವರಿಗೂ ಬೇಕು. ಡೆಕ್ಸ್‌ಟ್ರಾನ್ ಸಲ್ಫೇಟ್ ಕಾಲಮ್ಮಿನ ಮಷಿನ್ ಇದೆ, ಪೂರ್ತಿ ರಕ್ತವನ್ನೇ ಕಾಲಮ್ಮಿನಲ್ಲಿ ಹಾಯಿಸುವ ಮಷಿನ್ ಇದೆ. ಈ ಎರಡರಲ್ಲೂ ಕಾಲಮ್ಮಿಗೆ ಋಣ ವಿದ್ಯುತ್ ಇರುತ್ತದೆ. ಅದಕ್ಕೆ ತಾಗಿದ ರಕ್ತದಲ್ಲಿ ಬ್ರಾಡಿಕೈನಿನ್ ಹುಟ್ಟುತ್ತದೆ, ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುವ ವಸ್ತು ಅದು. ಸಾಮಾನ್ಯವಾಗಿ ಮೈ ಅದನ್ನು ಕೂಡಲೇ ಒಡೆದು ಹಾಕುತ್ತದೆ. ರಾಮಿಪ್ರಿಲ್, ಎನಲಾಪ್ರಿಲ್ ಹೀಗೆ "ಪ್ರಿಲ್" ಅಂತ ಕೊನೆಯಾಗುವ ಬಿಪಿ ಮಾತ್ರೆ ತಿಂದಿದ್ದರೆ ಒಡೆಯಲಿಕ್ಕೆ ಆಗುವುದಿಲ್ಲ. ನಮ್ಮಲ್ಲಿ ಒಬ್ಬರಿಗೆ ಬೇರೆ ಡಾಕ್ಟರು ಹೊಸದಾಗಿ ಅಂಥ ಮಾತ್ರೆ ಬರೆದಿದ್ದರು. ಅವರು ನಮಗೆ ಹೇಳಿರಲಿಲ್ಲ. ಮಷಿನ್ ಶುರು ಮಾಡಿ ಐದು ನಿಮಿಷ ಆಗಿರಲಿಲ್ಲ, ಕುತ್ತಿಗೆಯಿಂದ ಮೇಲೆ ಕೆಂಪು, ಬಿಪಿ ಪಾತಾಳಕ್ಕೆ. ಕೂಡಲೇ ನಿಲ್ಲಿಸಿದೆವು, ಉಳಿದರು. ಅವತ್ತಿನಿಂದ ಸೂಜಿ ಚುಚ್ಚುವ ಮೊದಲು ನಾನು ಪ್ರತಿಯೊಬ್ಬರನ್ನೂ ಕೇಳುವ ಮೊದಲ ಪ್ರಶ್ನೆ, ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀರಾ ಅಂತ.

ಅರಿಶಿನ ಹಾಲು ಕೊಡಿ, ಕೆನೆ ತೆಗೆದ ಹಾಲಿನಲ್ಲಿ, ಅಡುಗೆ ಅರಿಶಿನ ಒಂದು ಚಿಟಿಕೆ. ನಿಮ್ಮ ಅಮ್ಮನಿಗೂ ಸಮಾಧಾನ. ಅಂಗಡಿಯಲ್ಲಿ ಸಿಗುವ ಅರಿಶಿನದ ಸತ್ತಿನ ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬೇಡ. ಅವನು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ತಿನ್ನುತ್ತಾನೆ, ಲಿವರ್ ಮೇಲೆ ಇನ್ನೊಂದು ಭಾರ ಬೇಡ.

ಒಂದು ಮಾತು ಕೇಳಲಾ ಅಕ್ಕ? 2.4 ಅನ್ನುವುದು ಹುಡುಗನಿಗೆ ಸ್ವಲ್ಪ ಜಾಸ್ತಿಯೇ. ಅವನ ಹಲ್ಲು ನೋಡಿಸಿದ್ದೀರಾ? ವಸಡಿನಲ್ಲಿ ರಕ್ತ ಬರುತ್ತಾ? ವಸಡಿನ ಉರಿಯೂತಕ್ಕೂ ಸಿಆರ್‌ಪಿ ಏರುತ್ತದೆ.

ಲ್ಯಾಬ್ ಮೈಸೂರು

ಸಿಸ್ಟರ್ ಚೆನ್ನಾಗಿ ಹೇಳಿದ್ದಾರೆ. ನಾನು ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಆ ಒರತೆಯ ಮಾತಿಗೆ ಲೆಕ್ಕ ಸೇರಿಸುತ್ತೇನೆ.

ರಕ್ತದಲ್ಲಿ ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ. ಅಂದರೆ ಲಿವರ್ ಅಷ್ಟೇ ಪ್ರಮಾಣದಲ್ಲಿ ಮಾಡುತ್ತಿದ್ದರೆ, ತೊಳೆದದ್ದರಲ್ಲಿ ಅರ್ಧ 19 ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಮೂರು ದಿನ ಕಳೆದರೆ ಹೆಚ್ಚುಕಮ್ಮಿ ಮೊದಲಿನ ಮಟ್ಟ. ಎಲ್‌ಡಿಎಲ್ ಹಾಗಲ್ಲ. ನಿಮ್ಮ ಮಗನಂಥವರಲ್ಲಿ ಅದು ನಿಧಾನ ಏರುತ್ತದೆ, ಒಂದು ವಾರ ದಾಟಿದರೂ ಪೂರ್ತಿ ಏರಿರುವುದಿಲ್ಲ. ಮಂಗಳವಾರದಿಂದ ಮಂಗಳವಾರಕ್ಕೆ ಏಳು ದಿನ. ಹಾಗಾಗಿ ಸೂಜಿ ಚುಚ್ಚುವ ಮೊದಲಿನ ಸಿಆರ್‌ಪಿಯಲ್ಲಿ ಹೋದ ವಾರದ ತೊಳೆತದ ಪ್ರಭಾವ ಉಳಿದಿರುವುದಿಲ್ಲ. ಅದು ಮೈಯದೇ ಸಂಖ್ಯೆ. ಅದು ಆರು ತಿಂಗಳಲ್ಲಿ ಇಳಿದರೆ, ಉರಿಯೂತ ನಿಜವಾಗಿ ಇಳಿದಿದೆ ಅಂತ ಧೈರ್ಯವಾಗಿ ಹೇಳಬಹುದು.

ಆದರೆ ಒಂದು ಸಲದ ಸಂಖ್ಯೆ ನಂಬಬೇಡಿ, ಮೇಡಂ. ಆರೋಗ್ಯವಾಗಿ ಇರುವವರಲ್ಲೂ ಇದು ವಾರದಿಂದ ವಾರಕ್ಕೆ ತುಂಬಾ ಅಲುಗಾಡುತ್ತದೆ. ದೊಡ್ಡವರಿಗೆ 1ಕ್ಕಿಂತ ಕೆಳಗೆ ಒಳ್ಳೆಯದು, 1ರಿಂದ 3 ಮಧ್ಯಮ, 3ರ ಮೇಲೆ ಜಾಸ್ತಿ ಅಂತ ಲೆಕ್ಕ. ಅದಕ್ಕೂ ಎರಡು ವಾರ ಬಿಟ್ಟು ಎರಡು ಸಲ ನೋಡಿ ಸರಾಸರಿ ತೆಗೆಯಿರಿ ಅಂತಲೇ ಹೇಳುವುದು. ಮಕ್ಕಳಿಗೆ ಇದೇ ಗೆರೆ ಎಳೆಯುವುದು ಸರಿಯಲ್ಲ, ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದು ಸಾಕು. ಒಂದೇ ಲ್ಯಾಬಿನಲ್ಲಿ ಮಾಡಿಸಿ. ಲಸಿಕೆ ಹಾಕಿಸಿದ ವಾರ, ಬಿದ್ದು ಗಾಯ ಆದ ವಾರ, ನೆಗಡಿ ವಾರ ಬಿಟ್ಟುಬಿಡಿ. ಚೀಟಿಯ ಪಕ್ಕದಲ್ಲಿ ಮಾತ್ರೆ ಬದಲಾದ ದಿನಾಂಕವನ್ನೂ ಬರೆದಿಡಿ. ಸ್ಟ್ಯಾಟಿನ್ ಸಿಆರ್‌ಪಿಯನ್ನೂ ಇಳಿಸುತ್ತದೆ. ಪಿಸಿಎಸ್‌ಕೆ9 ಇಂಜೆಕ್ಷನ್ ಎಲ್‌ಡಿಎಲ್ ಎಷ್ಟು ಇಳಿಸಿದರೂ ಸಿಆರ್‌ಪಿ ಮುಟ್ಟುವುದಿಲ್ಲ. ಯಾವುದರಿಂದ ಏನಾಯಿತು ಅಂತ ಆಮೇಲೆ ಗೊಂದಲ ಬೇಡ.

ಉರಿಯೂತಕ್ಕೆ ಅದರದೇ ಪಾಲು ಇದೆಯಾ ಅಂತ ಬಹಳ ವರ್ಷ ಚರ್ಚೆ ಇತ್ತು. 2017ರಲ್ಲಿ ಕ್ಯಾಂಟೋಸ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. ಹೃದಯಾಘಾತ ಆಗಿದ್ದ, ಸಿಆರ್‌ಪಿ ಜಾಸ್ತಿ ಇದ್ದ 10,061 ಜನ. ಐಎಲ್-1 ಬೀಟಾವನ್ನು ತಡೆಯುವ ಕ್ಯಾನಕಿನುಮಾಬ್ ಕೊಟ್ಟರು. ಎಲ್‌ಡಿಎಲ್ ಇಳಿಯಲಿಲ್ಲ, ಆದರೂ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯದ ಸಾವು ಸೇರಿ 15% ಕಮ್ಮಿಯಾಯಿತು. ಹಾಗಾಗಿ ಉರಿಯೂತ ಸುಮ್ನೆ ಪಕ್ಕದಲ್ಲಿ ನಿಂತಿರುವುದಲ್ಲ, ಅದೂ ಕೆಲಸ ಮಾಡುತ್ತಿದೆ. ಅದೇ ಪ್ರಯೋಗದಲ್ಲಿ ಸೋಂಕಿನಿಂದ ಸತ್ತವರು ಸ್ವಲ್ಪ ಜಾಸ್ತಿ ಇದ್ದರು ಅನ್ನುವುದನ್ನೂ ಹೇಳಬೇಕು. ಉರಿಯೂತವನ್ನು ಪೂರ್ತಿ ಅದುಮಿದರೆ ಮೈಗೆ ಕಾವಲು ಇರುವುದಿಲ್ಲ. ನಿಮ್ಮ ಮಗನಿಗೆ ನೆಗಡಿ ಬಂದಾಗ 14ಕ್ಕೆ ಏರಿತಲ್ಲ, ಅವನ ಕಾವಲು ಸರಿಯಾಗಿದೆ ಅಂತಲೂ ಓದಬಹುದು.

ಗದಗಿನವ

ತಂಗಿ, ನಿಮ್ಮ ಮಾತು ಓದಿ ನನ್ನ ಮನೆ ಕಥೆಯನ್ನೇ ಓದಿದ ಹಾಗಾಯಿತು. ನಮ್ಮದೂ ಅಕ್ಕನ ಮಗಳ ಜೊತೆ ಮದುವೆ. ನಮ್ಮ ಕಡೆ ಇದು ಮನೆ ಮನೆಯಲ್ಲೂ ಉಂಟು. ಹೆಣ್ಣು ಮನೆಯೊಳಗೇ ಉಳಿಯಲಿ, ಹೊಲ ಒಡೆಯದಿರಲಿ ಅಂತ ಹಿರಿಯರು ಮಾಡಿದರು. ಯಾರನ್ನು ಬೈಯಲಿ? ಮಗಳಿಗೆ 11. ಎರಡು ವಾರಕ್ಕೊಮ್ಮೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇವೆ.

ನಮಗೆ ಹಾಕುವುದು ನಿಮ್ಮ ಮಷಿನ್ ಅಲ್ಲ. ಪ್ಲಾಸ್ಮಾ ಎಕ್ಸ್‌ಚೇಂಜ್. ಪ್ಲಾಸ್ಮಾ ಪೂರ್ತಿ ತೆಗೆದು ಚೀಲಕ್ಕೆ ಹೋಗುತ್ತದೆ, ಅದರ ಬದಲು ಆಲ್ಬುಮಿನ್ ಅನ್ನುವ ಪ್ರೋಟೀನಿನ ದ್ರಾವಣ ಕೊಡುತ್ತಾರೆ. ಮಧ್ಯದಲ್ಲಿ ಮಗಳು "ಅಪ್ಪ, ತುಟಿ ಜುಮ್ ಅನ್ನಾಕತ್ತದ" ಅನ್ನುತ್ತಾಳೆ. ಆಗ ಕ್ಯಾಲ್ಸಿಯಂ ಕೊಡುತ್ತಾರೆ. ಚೀಲದಲ್ಲಿ ತುಂಬುವ ಪ್ಲಾಸ್ಮಾ ಹುರಿದ ಬೆಣ್ಣೆಯ ತುಪ್ಪದ ಬಣ್ಣ. ಅದನ್ನು ನೋಡುತ್ತಾ ಕೂರುವುದು ನನಗೆ ಬಹಳ ಕಷ್ಟ. ಕೆಟ್ಟದ್ದರ ಜೊತೆ ಒಳ್ಳೆಯದೂ ಹೋಗುತ್ತಿದೆಯಲ್ಲ, ಮೈಯ ರೋಗ ತಡೆಯುವ ಶಕ್ತಿಯೂ ಹೋಗುತ್ತಿದೆಯಲ್ಲ ಅನಿಸುತ್ತದೆ. ಸಿಸ್ಟರ್, ಇದರಿಂದ ಉರಿಯೂತಕ್ಕೆ ಏನಾದರೂ ಉಪಯೋಗ ಉಂಟಾ? ಈ ಎಚ್‌ಎಸ್-ಸಿಆರ್‌ಪಿ ಪರೀಕ್ಷೆ ನಾವೂ ಮಾಡಿಸಬೇಕಾ? ಪ್ರತಿ ಸಲ ಖರ್ಚಿನ ಲೆಕ್ಕ ಹಾಕಿಯೇ ಹೋಗಬೇಕಾದವರು ನಾವು.

ಬ್ರಹ್ಮಾವರ ಸಿಸ್ಟರ್

ಅಣ್ಣ, ನೀವು ಮಾಡಿಸುತ್ತಿರುವುದನ್ನು ಕೀಳು ಅಂತ ತಿಳಿಯಬೇಡಿ. ಎಲ್ಲ ಶುರುವಾದದ್ದು ಅದರಿಂದಲೇ. 1975ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಗಿಲ್ಬರ್ಟ್ ಥಾಂಪ್ಸನ್ ಮತ್ತು ಜೊತೆಯವರು ನಿಮ್ಮ ಮಗಳಂಥ ರೋಗಿಗಳಿಗೆ ಇದೇ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡಿದ್ದನ್ನು ಪ್ರಕಟಿಸಿದರು. ಹತ್ತು ವರ್ಷ ಆದ ಮೇಲೆ ಅವರೇ ಒಂದು ಲೆಕ್ಕ ಕೊಟ್ಟರು. ಚಿಕಿತ್ಸೆ ಪಡೆದ ಐವರನ್ನು, ಅದೇ ಕಾಯಿಲೆ ಇದ್ದು ಚಿಕಿತ್ಸೆ ಸಿಗದೆ ಹೋದ ಅವರವರ ಒಡಹುಟ್ಟಿದವರ ಜೊತೆ ಹೋಲಿಸಿ ನೋಡಿದರು. ಚಿಕಿತ್ಸೆ ಆದವರು ಸರಾಸರಿ ಐದೂವರೆ ವರ್ಷ ಜಾಸ್ತಿ ಬದುಕಿದ್ದರು. ಆಗ ಇಷ್ಟು ಮಾತ್ರೆಗಳೂ ಇರಲಿಲ್ಲ. ನನಗೆ ನಮ್ಮ ಡಾಕ್ಟರು ಇದನ್ನು ಹೇಳಿದ ದಿನ ಗಂಟಲು ಕಟ್ಟಿತ್ತು. ಒಂದೇ ಮನೆಯ ಮಕ್ಕಳು, ಒಬ್ಬರಿಗೆ ಸಿಕ್ಕಿತು, ಒಬ್ಬರಿಗೆ ಸಿಗಲಿಲ್ಲ.

ಪ್ಲಾಸ್ಮಾ ಪೂರ್ತಿ ತೆಗೆದರೆ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್), ಆ್ಯಂಟಿಬಾಡಿ ಎಲ್ಲ ಹೋಗುವುದು ನಿಜ. ಸಿಆರ್‌ಪಿ, ಫೈಬ್ರಿನೋಜನ್ ಕೂಡ ಹೋಗುತ್ತವೆ. ಹಾಗಾಗಿ ಆಗ ತಾನೇ ಮುಗಿದ ಹೊತ್ತಿಗೆ ಉರಿಯೂತದ ಸಂಖ್ಯೆ ಇಳಿದೇ ಇರುತ್ತದೆ, ಅದಕ್ಕೆ ಅರ್ಥ ಇಲ್ಲ. ಮಗಳಿಗೆ ಪದೇ ಪದೇ ಜ್ವರ, ಕೆಮ್ಮು ಬರುತ್ತಿದ್ದರೆ ಮಾತ್ರ ಡಾಕ್ಟರಿಗೆ ಹೇಳಿ, ಆ್ಯಂಟಿಬಾಡಿ ಮಟ್ಟ ನೋಡುತ್ತಾರೆ. ಆ ಕ್ಯಾಲ್ಸಿಯಂ ಕೊಡುವುದು, ರಕ್ತ ಹೆಪ್ಪುಗಟ್ಟದ ಹಾಗೆ ಹಾಕುವ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ. ತುಟಿ ಜುಮ್ ಅಂದ ಕೂಡಲೇ ಹೇಳಲಿಕ್ಕೆ ಅವಳಿಗೆ ಗೊತ್ತಿದೆಯಲ್ಲ, ಒಳ್ಳೆಯದು.

ಎಚ್‌ಎಸ್-ಸಿಆರ್‌ಪಿಗೆ ದುಡ್ಡು ಹಾಕಬೇಡಿ, ಮಾರಾಯ್ರೆ. ಇದು ನನ್ನ ಸ್ವಂತ ಮಾತು, ಆದರೆ ಯೋಚಿಸಿಯೇ ಹೇಳುತ್ತಿದ್ದೇನೆ. ನಿಮ್ಮ ಮಗಳಿಗೆ ಬೇಕಾದ್ದು ಎಲ್‌ಡಿಎಲ್ ಸಂಖ್ಯೆ ಮತ್ತು ಎಕೋ (ಹೃದಯದ ಸ್ಕ್ಯಾನ್). ಈ ಕಾಯಿಲೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡಕ್ಕೆ, ಅಲ್ಲಿನ ಕವಾಟಕ್ಕೆ ಮೊದಲು ಬರುತ್ತದೆ. ಎದೆನೋವು ಬರುವವರೆಗೆ ಕಾಯುವ ಹಾಗಿಲ್ಲ. ವರ್ಷಕ್ಕೊಂದು ಎಕೋ ತಪ್ಪಿಸಬೇಡಿ. ನಿಮ್ಮದು, ನಿಮ್ಮ ಮನೆಯವರದು, ಉಳಿದ ಮಕ್ಕಳದು ಎಲ್‌ಡಿಎಲ್ ನೋಡಿಸಿದ್ದೀರಾ? ಆ ದುಡ್ಡು ಅಲ್ಲಿ ಹಾಕಿ.

ಗದಗಿನವ

ನನ್ನದು ನೋಡಿಸಿಲ್ಲ. ಈ ವಾರ ನೋಡಿಸುತ್ತೇನೆ. ಚಿಕ್ಕವನಿಗೆ 4, ಅವನದೂ ನೋಡಿಸುತ್ತೇನೆ.

ತೆಂಗಿನತೋಟ

ಸಿಸ್ಟರ್, ಲ್ಯಾಬ್ ಸರ್, ಅಣ್ಣ, ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಅವತ್ತು ರಾತ್ರಿ ನಿಜವಾಗಿ ಮಲಗಿದೆ.

ಹಲ್ಲಿನ ಮಾತು ಕೇಳಿದಿರಲ್ಲ, ಹೌದು ಸಿಸ್ಟರ್. ಒಂದೂವರೆ ವರ್ಷದಿಂದ ಹಲ್ಲಿಗೆ ತಂತಿ ಹಾಕಿದ್ದಾರೆ. ಬ್ರಷ್ ಮಾಡಿದಾಗ ಗುಲಾಬಿ ಬಣ್ಣ ಉಗಿಯುತ್ತಿದ್ದ. ಮಂಗಳವಾರ ಹೆಪಾರಿನ್ ಹಾಕುತ್ತಾರಲ್ಲ, ಅದಕ್ಕೇ ಇರಬೇಕು ಅಂತ ನಾನು ಸುಮ್ಮನಿದ್ದೆ. ನೀವು ಕೇಳಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಕೆಳಗಿನ ಹಿಂದಿನ ವಸಡು ಊದಿ ಕೆಂಪಾಗಿತ್ತು. ಮಂಗಳವಾರದ ಆಸುಪಾಸು ಬೇಡ ಅಂತ ಅಫೆರೆಸಿಸ್ ಡಾಕ್ಟರು ಹೇಳಿದ್ದರಿಂದ ಶುಕ್ರವಾರ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಕ್ಲೀನ್ ಮಾಡಿ, ತಂತಿ ಮಧ್ಯೆ ತೂರಿಸುವ ಚಿಕ್ಕ ಬ್ರಷ್ ಕೊಟ್ಟರು. ರಾತ್ರಿ ಅವನ ಪಕ್ಕ ನಿಂತು ಮಾಡಿಸುತ್ತಿದ್ದೇನೆ.

ಲ್ಯಾಬ್ ಸರ್ ಹೇಳಿದ ಹಾಗೆ ಒಂದು ಉದ್ದ ನೋಟ್‌ಬುಕ್ ಮಾಡಿದೆ. ಸೂಜಿ ಚುಚ್ಚುವ ಮೊದಲಿನ ಸಿಆರ್‌ಪಿ ಮಾತ್ರ ಬರೆಯುತ್ತೇನೆ. ಆದ ಮೇಲಿನದನ್ನು ನೋಡುವುದೇ ಬಿಟ್ಟೆ. ಅವನಿಗೆ ಇದು ಗೊತ್ತಾಗಿ ಪಕ್ಕದಲ್ಲಿ ಬಾವಿಯ ಚಿತ್ರ ಬರೆದು ಮೆಟ್ಟಿಲು ಹಾಕಿದ್ದಾನೆ.

ತೆಂಗಿನತೋಟ (ಎರಡೂವರೆ ತಿಂಗಳ ನಂತರ)

ಕೇಳಿದವರು ಇದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನೆಗಡಿ ಇಲ್ಲದ ವಾರಗಳ ಮೊದಲಿನ ಸಂಖ್ಯೆಗಳು: 2.4, 2.6, 1.9, 1.3, 1.1, 1.4. ಮಾತ್ರೆ ಬದಲಾಗಿಲ್ಲ. ಎಲ್‌ಡಿಎಲ್ ಮೊದಲಿನದು 280ರ ಆಸುಪಾಸಿನಲ್ಲೇ ಇದೆ.

ಎಲ್‌ಡಿಎಲ್ ಇಳಿಸುವ ಎವಿನಾಕುಮಾಬ್ ಅನ್ನುವ ಔಷಧಿಯ ಬಗ್ಗೆ ಡಾಕ್ಟರು ಮಾತಾಡಿದರು. ಪಿಸಿಎಸ್‌ಕೆ9 ಇಂಜೆಕ್ಷನ್ ಕೆಲಸ ಮಾಡಬೇಕಾದರೆ ಲಿವರ್‌ನಲ್ಲಿ ಎಲ್‌ಡಿಎಲ್ ಹಿಡಿಯುವ ರಿಸೆಪ್ಟರ್ ಸ್ವಲ್ಪವಾದರೂ ಇರಬೇಕಂತೆ, ಇವನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಎವಿನಾಕುಮಾಬ್‌ಗೆ ಅದು ಬೇಡವಂತೆ. ತಿಂಗಳಿಗೊಮ್ಮೆ ಡ್ರಿಪ್. ಅದನ್ನು ಶುರು ಮಾಡಿದರೂ ಅಫೆರೆಸಿಸ್ ಸದ್ಯಕ್ಕೆ ಬಿಡುವುದಿಲ್ಲ ಅಂದರು. ಇನ್ಶೂರೆನ್ಸ್ ಅರ್ಜಿ ಹೋಗಿದೆ.

ಲ್ಯಾಬ್ ಮೈಸೂರು

ಇಳಿದಿರುವುದು ಒಳ್ಳೆಯದು ಮೇಡಂ. ಆದರೆ ವಸಡು ವಾಸಿಯಾಗಿದ್ದಕ್ಕೆ ಇಳಿಯಿತಾ, ಅಫೆರೆಸಿಸ್‌ನಿಂದಲಾ ಅಂತ ಈ ಆರು ಸಂಖ್ಯೆಯಿಂದ ಹೇಳಲು ಬರುವುದಿಲ್ಲ. ಅಫೆರೆಸಿಸ್ ಮೊದಲಿನಿಂದಲೂ ಇತ್ತು, ಎಲ್‌ಡಿಎಲ್ ಕೂಡ ಅಷ್ಟೇ ಇದೆ, ಹೊಸದಾಗಿ ಬದಲಾದದ್ದು ವಸಡು. ಹಾಗಾಗಿ ನನ್ನ ಒಲವು ವಸಡಿನ ಕಡೆಗೆ. ಎವಿನಾಕುಮಾಬ್ ಶುರು ಮಾಡುವ ಮೊದಲು ಇನ್ನೂ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಬೇಕಾಗುತ್ತದೆ.

ಬ್ರಹ್ಮಾವರ ಸಿಸ್ಟರ್

ಅಕ್ಕ, ತುಂಬಾ ಖುಷಿಯಾಯಿತು. ಮೊಣಕೈಯ ಗಂಟು ಹೇಗಿದೆ?

ತೆಂಗಿನತೋಟ

ದೀಪಾವಳಿಗೆ ಎಣ್ಣೆ ಸ್ನಾನ ಮಾಡಿಸಿದೆ ಸಿಸ್ಟರ್. ಬೇಡ ಬೇಡ ಅಂದ, ವರ್ಷಕ್ಕೊಂದು ಸಲ ಅಂತ ಹಿಡಿದು ಕೂರಿಸಿದೆ. ಮೊದಲೆಲ್ಲ ಎಣ್ಣೆ ಹಚ್ಚುವಾಗ ಮೊಣಕೈ ಹತ್ತಿರ ಬೆರಳು ತಡೆಯುತ್ತಿತ್ತು, ಹುಣಸೆ ಬೀಜ ಇಟ್ಟ ಹಾಗೆ. ಬಲಗೈಯಲ್ಲಿ ಈಗಲೂ ಸಿಗುತ್ತದೆ. ಎಡಗೈಯಲ್ಲಿ ಹುಡುಕಬೇಕಾಯಿತು.